ಡಿಎನ್‌ಎ ಜೊತೆ ಕಾಂಪ್ಲೆಕ್ಸ್: 'ಇಂಟರ್ಕಲೇಷನ್' ಅನ್ನಲು ಯುವಿ ಗ್ರಾಫ್ ಒಂದೇ ಸಾಕಾ?

ತಾಮ್ರದ_ಹರಳು:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ನಲ್ಲಿದ್ದೇನೆ. ಎರಡು ಫೆನಾಂತ್ರೊಲಿನ್ (ಚಪ್ಪಟೆ ಉಂಗುರಗಳ ಅಣು) ಇರುವ ತಾಮ್ರದ ಕಾಂಪ್ಲೆಕ್ಸ್ (ನಡುವೆ ಲೋಹ, ಸುತ್ತ ಅದಕ್ಕೆ ಅಂಟಿದ ಅಣುಗಳು) ಮಾಡಿದ್ದೇನೆ. ಕರುವಿನ ಥೈಮಸ್ ಡಿಎನ್‌ಎ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದೆ. ಕಾಂಪ್ಲೆಕ್ಸ್ ಯುವಿ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಗ್ರಾಫ್‌ನಲ್ಲಿ 268 ನ್ಯಾನೊಮೀಟರ್ ಹತ್ತಿರದ ಪೀಕ್ ಸುಮಾರು 15% ಇಳಿಯಿತು, ಕೆಂಪಿನ ಕಡೆಗೆ 2 ನ್ಯಾನೊಮೀಟರ್ ಸರಿಯಿತು. ನನ್ನ ಸೀನಿಯರ್‌ಗಳು ಇಷ್ಟಕ್ಕೇ 'ಇಂಟರ್ಕಲೇಷನ್' (ಡಿಎನ್‌ಎ ಏಣಿಯ ಮೆಟ್ಟಿಲುಗಳಂತಿರುವ ಬೇಸ್ ಜೋಡಿಗಳ ನಡುವೆ ನುಗ್ಗಿ ಕೂರುವುದು) ಅಂತ ಬರೆದು ಮುಗಿಸಿದ್ದಾರೆ. ನಾನೂ ಹಾಗೇ ಬರೆಯಬಹುದಾ? ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಬಫರ್_ಬಾಟಲಿ:
ಮನಸ್ಸು ಹೇಳಿದ್ದನ್ನೇ ಕೇಳು ತಂಗಿ. ನಾನು ಪಿಎಚ್‌ಡಿಯಲ್ಲಿ ಆರು ವರ್ಷ ಇದೇ ಕೆಲಸ ಮಾಡಿದವಳು. ಪೀಕ್ ಇಳಿಯಿತು ಅಂದರೆ ಕಾಂಪ್ಲೆಕ್ಸ್ ಡಿಎನ್‌ಎ ಹತ್ತಿರ ಹೋಗಿ ಕೂತಿದೆ ಅಂತ ಗೊತ್ತಾಗುತ್ತದೆ. ಎಲ್ಲಿ ಕೂತಿದೆ ಅಂತ ಅಷ್ಟರಿಂದ ಗೊತ್ತಾಗುವುದಿಲ್ಲ. ಬೇಸ್ ಜೋಡಿಗಳ ನಡುವೆ ನುಗ್ಗಿರಬಹುದು, ಹೊರಗಿನ ಗ್ರೂವ್‌ನಲ್ಲಿ (ತೋಡಿನಲ್ಲಿ) ಒರಗಿರಬಹುದು. ಡಿಎನ್‌ಎ ಬೆನ್ನೆಲುಬಿನಲ್ಲಿ ಫಾಸ್ಫೇಟ್‌ಗಳ ಋಣ ಚಾರ್ಜ್ ಇದೆಯಲ್ಲ, ಸುಮ್ನೆ ಅದಕ್ಕೆ ಅಂಟಿಕೊಂಡಿರಲೂಬಹುದು.

ವಿಸ್ಕಾಸಿಟಿ ಮಾಡು, ಅಂದರೆ ಡಿಎನ್‌ಎ ದ್ರಾವಣ ಸಣ್ಣ ಕೊಳವೆಯಲ್ಲಿ (ಕ್ಯಾಪಿಲರಿ) ಹರಿಯಲು ಎಷ್ಟು ಸಮಯ ಹಿಡಿಯುತ್ತದೆ ಅಂತ ಅಳೆ. ಜೋಡಿಸಿಟ್ಟ ಜೋಳದ ರೊಟ್ಟಿಗಳ ನಡುವೆ ಇನ್ನೊಂದು ರೊಟ್ಟಿ ತುರುಕಿದರೆ ರಾಶಿ ಎತ್ತರ ಆಗುತ್ತದೆ ಅಲ್ವಾ? ಹಾಗೆಯೇ. ಬೇಸ್ ಜೋಡಿಗಳ ನಡುವೆ 3.4 ಆಂಗ್‌ಸ್ಟ್ರಾಮ್ ಅಂತರ. ಚಪ್ಪಟೆ ಉಂಗುರ ಒಳಗೆ ಹೋದರೆ ಆ ಜಾಗದಲ್ಲಿ ಅಂತರ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಎಳೆ ಉದ್ದವಾಗುತ್ತದೆ, ದ್ರಾವಣ ನಿಧಾನ ಹರಿಯುತ್ತದೆ. ಗ್ರೂವ್‌ನಲ್ಲಿ ಕೂತರೆ ಹರಿಯುವ ಸಮಯ ಅಷ್ಟಾಗಿ ಬದಲಾಗುವುದಿಲ್ಲ.

ಫೆನಾಂತ್ರೊಲಿನ್ ಅಂತ ಹೇಳಿದ್ದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮೂರು ಫೆನಾಂತ್ರೊಲಿನ್ ಇರುವ ರುಥೇನಿಯಂ ಕಾಂಪ್ಲೆಕ್ಸ್ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. 1992ರಲ್ಲಿ ವಿಸ್ಕಾಸಿಟಿ ಅಳೆದು, ಅದರ ಎಡ, ಬಲ ರೂಪಗಳೆರಡೂ ಸರಿಯಾದ ಅರ್ಥದಲ್ಲಿ ಇಂಟರ್ಕಲೇಟ್ ಆಗುವುದಿಲ್ಲ ಅಂತ ತೋರಿಸಿದರು. ಚಪ್ಪಟೆ ಲಿಗ್ಯಾಂಡ್ (ಲೋಹಕ್ಕೆ ಅಂಟಿದ ಅಣು) ಇದ್ದ ಮಾತ್ರಕ್ಕೆ ಒಳಗೆ ಹೋಗಲೇಬೇಕೆಂದಿಲ್ಲ.

ವಾಟರ್ ಬಾತ್ 25 ಡಿಗ್ರಿಯಲ್ಲೇ ನಿಲ್ಲಲಿ. ಒಂದೊಂದಕ್ಕೂ ಮೂರು ಸಲ ಸಮಯ ತಗೋ. ಕ್ಯಾಪಿಲರಿಯಲ್ಲಿ ಒಂದು ಸಣ್ಣ ಗುಳ್ಳೆ ಸಿಕ್ಕಿಕೊಂಡರೂ ಆ ರೀಡಿಂಗ್ ಬಿಟ್ಟುಬಿಡು.

ಗ್ರೂವ್_ಗೆಳೆಯ:
ಒಂದು ಮಾತು ಸೇರಿಸುತ್ತೇನೆ. ಯುವಿ ಮಾಡುವಾಗ ರೆಫರೆನ್ಸ್ ಕ್ಯುವೆಟ್‌ಗೂ (ಹೋಲಿಕೆಗೆ ಇಡುವ ಪುಟ್ಟ ಪಾತ್ರೆ) ಅಷ್ಟೇ ಡಿಎನ್‌ಎ ಹಾಕಿದ್ದೀರಾ? ಡಿಎನ್‌ಎ 260ರಲ್ಲಿ ಹೀರುತ್ತದೆ, ನಿಮ್ಮ ಪೀಕ್ 268. ನಾನು ಮೊದಲ ಸಲ ಬರೀ ಬಫರ್ ಇಟ್ಟಿದ್ದೆ. ಪೀಕ್ ಏರುತ್ತಾ ಹೋಯಿತು. ಅದು ಕಾಂಪ್ಲೆಕ್ಸ್‌ನದ್ದೇ ಅಂದುಕೊಂಡು ಎರಡು ವಾರದ ಕೆಲಸ ಮತ್ತೆ ಮಾಡಿದೆ.

ತಾಮ್ರದ_ಹರಳು:
ಹಾಕಿದ್ದೇನೆ ಸರ್, ಎರಡಕ್ಕೂ ಒಂದೇ ಪಿಪೆಟ್‌ನಿಂದ. ಅಕ್ಕ, ಪ್ಲಾಟಿನಂ ಇರುವ ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಕೂಡ ಇದೇ ಥರ ಕೂರುತ್ತದಾ?

ಬಫರ್_ಬಾಟಲಿ:
ಇಲ್ಲ, ಅದರ ದಾರಿಯೇ ಬೇರೆ. ರಕ್ತದಲ್ಲಿ ಕ್ಲೋರೈಡ್ ಜಾಸ್ತಿ, ಸುಮಾರು 100 ಮಿಲಿಮೋಲಾರ್. ಹಾಗಾಗಿ ಅಲ್ಲಿ ಅದರ ಎರಡು ಕ್ಲೋರೈಡ್ ಹೆಚ್ಚಾಗಿ ಹಾಗೇ ಇರುತ್ತವೆ. ಜೀವಕೋಶದ ಒಳಗೆ ಕ್ಲೋರೈಡ್ ತುಂಬ ಕಮ್ಮಿ. ಅಲ್ಲಿ ಅವು ಬಿಟ್ಟುಹೋಗಿ ನೀರು ಬಂದು ಕೂರುತ್ತದೆ. ಆಮೇಲೆ ಪ್ಲಾಟಿನಂ ನೇರವಾಗಿ ಗ್ವಾನೀನ್ ಅನ್ನುವ ಬೇಸ್‌ನ 7ನೇ ನೈಟ್ರೋಜನ್‌ಗೆ ಗಟ್ಟಿ ಬಂಧ ಹಾಕುತ್ತದೆ. ಪಕ್ಕಪಕ್ಕದ ಎರಡು ಗ್ವಾನೀನ್ ಹಿಡಿದರೆ ಎಳೆ ಅಲ್ಲೇ ಬಾಗುತ್ತದೆ. ನಿನ್ನ ಕಾಂಪ್ಲೆಕ್ಸ್ ಹಾಗಲ್ಲ, ಬಂದು ಹೋಗಿ ಮಾಡುತ್ತಿರುತ್ತದೆ. ವಿಸ್ಕಾಸಿಟಿ ಬರುವವರೆಗೆ ಥೀಸಿಸ್‌ನಲ್ಲಿ 'ಡಿಎನ್‌ಎಗೆ ಬಂಧಿಸುತ್ತದೆ' ಅಂತಷ್ಟೇ ಬರೆದಿಡು. ರೀಡಿಂಗ್ ಬಂದ ಮೇಲೆ ಇಲ್ಲೇ ಹಾಕು, ನೋಡೋಣ.