ಸಹಾಯ ಬೇಕು: ಒಂದೇ ಸ್ಟೇಷನ್‌ನಲ್ಲಿ ಬ್ಯಾಂಡ್ 40ರ ಪವರ್ ಕಡಿಮೆ ತೋರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ಮೊಬೈಲ್ ಬೋರ್ಡ್‌ಗಳ ಆರ್‌ಎಫ್ ಕ್ಯಾಲಿಬ್ರೇಷನ್‌ನಲ್ಲಿ (ರೇಡಿಯೋ ಪವರ್ ಅಳೆದು ಸರಿಹೊಂದಿಸುವುದರಲ್ಲಿ) ಪಳಗಿದವರು ದಯವಿಟ್ಟು ಉತ್ತರಿಸಿ.

ನಮ್ಮ ಉತ್ಪಾದನಾ ಲೈನಿನ ಒಂದು ಪರೀಕ್ಷಾ ಸ್ಟೇಷನ್‌ನಲ್ಲಿ ಎಲ್‌ಟಿಇ ಬ್ಯಾಂಡ್ 40ರ (2300–2400 ಮೆಗಾಹರ್ಟ್ಸ್) ಪವರ್ ಸುಮಾರು 1.5 ಡಿಬಿ ಕಡಿಮೆ ಬರುತ್ತಿದೆ. 850 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್ 5ರಲ್ಲಿ ತೊಂದರೆಯಿಲ್ಲ. ಅದೇ ಗೋಲ್ಡನ್ ಬೋರ್ಡನ್ನು (ಅಳತೆ ಮೊದಲೇ ಗೊತ್ತಿರುವ ಮಾದರಿ ಬೋರ್ಡು) ಪಕ್ಕದ ಸ್ಟೇಷನ್‌ಗೆ ಹಾಕಿದರೆ ಎರಡೂ ಸರಿಯಾಗಿವೆ. ಹೊರಗಿನ ಸಿಗ್ನಲ್ ತಡೆಯುವ ಶೀಲ್ಡ್ ಬಾಕ್ಸಿನ ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಅಳತೆ ಬದಲಾಗುತ್ತದೆ. ಬೋರ್ಡಿಗೆ ತಾಗಿ ಸಿಗ್ನಲ್ ಪಡೆಯುವ ಆರ್‌ಎಫ್ ಪ್ರೋಬನ್ನು ಭೂತಗನ್ನಡಿಯಲ್ಲಿ ನೋಡಿದೆ: ನಡುವಿನ ಪಿನ್ನಿನ ಚಿನ್ನದ ಲೇಪ ಸವೆದು ತುದಿ ಕಪ್ಪಾಗಿದೆ. ಕೇಬಲ್ ಕನೆಕ್ಟರನ್ನು ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡಿದರೂ ವ್ಯತ್ಯಾಸವಿಲ್ಲ.

ಕೇಬಲ್ ನಷ್ಟದ ಆಫ್‌ಸೆಟ್ (ನಷ್ಟ ಸರಿದೂಗಿಸಲು ಅಳತೆಗೆ ಕೂಡಿಸುವ ಸಂಖ್ಯೆ) ಹೆಚ್ಚಿಸಿ ಲೈನ್ ಓಡಿಸಿ ಎಂಬ ಒತ್ತಡವಿದೆ. ನನಗೆ ಒಪ್ಪಿಗೆಯಿಲ್ಲ. ಪ್ರೋಬಿನ ಸಂಪರ್ಕವೇ ಗಟ್ಟಿಯಾಗಿ ನಿಲ್ಲದಿರುವಾಗ ಒಂದು ಸ್ಥಿರ ಸಂಖ್ಯೆ ಎಷ್ಟು ಬೋರ್ಡಿಗೆ ಹೊಂದೀತು? ಲೆಕ್ಕಕ್ಕಿಂತ ಹೆಚ್ಚು ನಷ್ಟವಾದರೆ ತಂತ್ರಾಂಶ ಪವರ್ ಏರಿಸಿ, ಆ ಮೌಲ್ಯವನ್ನೇ ಬೋರ್ಡಿನ ಮೆಮೊರಿಗೆ ಬರೆದುಬಿಡುತ್ತದೆ. ಆಮೇಲೆ 23 ಡಿಬಿಎಂ (ಫೋನಿನ ನಿಗದಿತ ಗರಿಷ್ಠ ಪವರ್) ಎಂದುಕೊಂಡೇ ಫೋನ್ ಅದಕ್ಕಿಂತ ಜೋರಾಗಿ ಪ್ರಸಾರ ಮಾಡುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ದುಡ್ಡು ಕೊಟ್ಟು ಕೊಂಡವರಿಗೆ ಕಾರಣವೇ ತಿಳಿಯುವುದಿಲ್ಲ.

ನೀವು ಪ್ರೋಬ್ ಬದಲಿಸುವುದು ಎಷ್ಟು ಬೋರ್ಡ್ ಆಯಿತೆಂಬ ಎಣಿಕೆಯ ಮೇಲೋ, ಗೋಲ್ಡನ್ ಬೋರ್ಡಿನ ಅಳತೆ ಜಾರಿದಾಗಲೋ? ಸಿಗ್ನಲ್ ನಷ್ಟ ಅಳೆಯುವ ಉಪಕರಣವಾದ ನೆಟ್‌ವರ್ಕ್ ಅನಲೈಸರ್‌ನಿಂದ ಪ್ರೋಬ್ ತುದಿಯವರೆಗಿನ ನಷ್ಟವನ್ನು ಹೇಗೆ ಅಳೆಯುತ್ತೀರಿ? ಎಲ್ಲಕ್ಕಿಂತ ಮುಖ್ಯವಾಗಿ, ಈಗಾಗಲೇ ಆ ಸ್ಟೇಷನ್ ದಾಟಿದ ಬೋರ್ಡ್‌ಗಳಿಗೆ ಪೂರ್ತಿ ಮರುಕ್ಯಾಲಿಬ್ರೇಷನ್ ಬೇಕೇ, ಬೇರೆ ಸ್ಟೇಷನ್‌ನಲ್ಲಿ ಪವರ್ ಪರಿಶೀಲಿಸಿದರೆ ಸಾಕೇ? ಅವು ಜೋಡಣೆಗೆ ಹೋಗುವ ಮೊದಲೇ ತಡೆಹಿಡಿಸಬೇಕೆಂದಿದ್ದೇನೆ. ಅನುಭವಸ್ಥರು ಇಂದೇ ತಿಳಿಸಿದರೆ ದೊಡ್ಡ ಉಪಕಾರ.