ಶೇಷಾದ್ರಿ ಮತ್ತು 30 ಎಂಎಲ್ ಬಾಟಲಿ

ಶೇಷಾದ್ರಿ ಕಾರು ಬುಕ್ ಮಾಡಿದ ವಿಷಯ ಬನಶಂಕರಿಯ ನಮ್ಮ ವಾಕಿಂಗ್ ಗುಂಪಿಗೆ ಹಳೆಯದು. ಬಣ್ಣ, ಮಾಡೆಲ್ಲು, ಸಾಲದ ಕಂತು, ಫ್ಯಾನ್ಸಿ ನಂಬರ್ ಬೇಕೋ ಬೇಡವೋ ಎಲ್ಲದರ ಬಗ್ಗೆಯೂ ತೀರ್ಪು ಕೊಟ್ಟು ಮುಗಿಸಿದ್ದೆವು. ಆದರೆ ಷೋರೂಮಿನ ಹುಡುಗ ಬಿಡಬೇಕಲ್ಲ. ಮ್ಯಾಟು, ಮಡ್‌ಫ್ಲ್ಯಾಪು, ಎಕ್ಸ್‌ಟೆಂಡೆಡ್ ವಾರಂಟಿ ಎಲ್ಲ ದಾಟಿದ ಮೇಲೆ ಕೊಟೇಶನ್ನಿನ ಬುಡದಲ್ಲಿ ಇನ್ನೊಂದು ಸಾಲು ಸೇರಿಸಿದ್ದ: ಸೆರಾಮಿಕ್ ಕೋಟಿಂಗ್, 32,000 ರೂಪಾಯಿ, ಜಿಎಸ್‌ಟಿ ಬೇರೆ.

“ಹಾಕಿಸ್ಲೋ ಬೇಡ್ವೋ, ಒಂದು ಮಾತು ಹೇಳಿಬಿಡಿ” ಅಂತ ಶೇಷಾದ್ರಿ ದರ್ಶಿನಿಯ ಟೇಬಲ್ ಮೇಲೆ ಆ ಕಾಗದ ಹರಡಿದ. ಒಂದು ಮಾತು ಕೇಳಿದವನಿಗೆ ಒಂದೇ ಮಾತು ಹೇಳಿ ಕಳಿಸುವ ಜನ ನಾವಲ್ಲ.

ಮೊದಲು ಬಾಯಿ ಹಾಕಿದವನು ಮಂಜ. ಮೈಸೂರು ರಸ್ತೆಯಲ್ಲಿ ಅವನದೇ ಟಿಂಕರಿಂಗ್, ಪೇಂಟಿಂಗ್ ಶೆಡ್ಡು ಇದೆ. “ಯಾವ ಬಣ್ಣ ಬುಕ್ ಮಾಡಿದ್ದೆ? ಕಪ್ಪು ಅಲ್ವಾ? ಸತ್ತೆ ಬಿಡು. ಕೋಟಿಂಗ್ ಹಾಕಿಸಿದ್ರೂ ಗೀರು ಕಾಣುತ್ತೆ, ಹಾಕಿಸದಿದ್ರೂ ಕಾಣುತ್ತೆ.”

“ಅದೆಂಥದು ಅಂತ ಮೊದಲು ಹೇಳಿ ಮಾರಾಯ್ರೆ” ಅಂದರು ಮಂಗಳೂರಿನ ಶೆಟ್ರು. “ಸೆರಾಮಿಕ್ ಅಂದ್ರೆ ನಮಗೆ ಉಪ್ಪಿನಕಾಯಿ ಜಾಡಿ ಗೊತ್ತುಂಟು, ಅಷ್ಟೇ.”

ಇಷ್ಟಕ್ಕೇ ಕಾದಿದ್ದ ಸುಬ್ಬರಾವ್ ಮೇಷ್ಟ್ರು ಲೋಟ ಕೆಳಗಿಟ್ಟರು. ರಸಾಯನಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದವರು. ಆದರೆ ಪಾಠ ಮಾಡುವುದರಿಂದ ನಿವೃತ್ತಿಯಾಗಿಲ್ಲ. “ಮೂಲದಲ್ಲಿ ಮರಳಿನ ವಂಶವೇ ಕಣಯ್ಯ. ಸಿಲಿಕಾ. ದ್ರವದ ರೂಪದಲ್ಲಿ ಹಚ್ತಾರೆ. ದ್ರಾವಕ ಆವಿಯಾಗುತ್ತೆ, ಉಳಿದದ್ದು ಗಾಳಿಯ ತೇವ ಎಳ್ಕೊಂಡು ಗಟ್ಟಿಯಾಗಿ ಕ್ಲಿಯರ್ ಕೋಟಿಗೆ, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ, ಕಚ್ಚಿಕೊಳ್ಳುತ್ತೆ. ವ್ಯಾಕ್ಸ್ ಆದ್ರೆ ಸುಮ್ಮನೆ ಮೇಲೆ ಕೂತಿರುತ್ತೆ, ಬಿಸಿಲು ಮಳೆಗೆ ಕೆಲವು ವಾರದಲ್ಲಿ ಎದ್ದು ಹೋಗುತ್ತೆ. ಇದು ವರ್ಷಗಟ್ಟಲೆ ನಿಲ್ಲುತ್ತೆ.”

“ಎಷ್ಟು ದಪ್ಪ ಹಚ್ತಾರೆ?”

“ಒಂದು ಮೈಕ್ರಾನ್. ಹೆಚ್ಚೆಂದ್ರೆ ಎರಡು. ತಲೆಕೂದಲು ಒಂದು ಎಳೆ ಸುಮಾರು 70 ಮೈಕ್ರಾನ್ ಇರುತ್ತೆ...” ಅಂದವರು ಶೇಷಾದ್ರಿಯ ತಲೆ ನೋಡಿ, ತೋರಿಸಲು ಅಲ್ಲೇನೂ ಸಿಗದೆ, ತಮ್ಮ ಕಿವಿಯ ಕೂದಲನ್ನೇ ಎಳೆದು ತೋರಿಸಿದರು.

“ಅಷ್ಟಕ್ಕೆ ಎಷ್ಟು ಲೀಟರ್ ಬೇಕು?”

“ಲೀಟರಾ?” ಮಂಜ ನಕ್ಕ. “30 ಎಂಎಲ್ ಬಾಟ್ಲಿ ಬರುತ್ತೆ. 50ರದ್ದೂ ಇದೆ. ಒಂದು ಕಾರಿಗೆ ಒಂದು ಪದರಕ್ಕೆ ಅದೇ ಸಾಕು.”

ಶೆಟ್ರ ಮುಖ ಗಂಭೀರವಾಯಿತು. “30 ಎಂಎಲ್ ಅಂದ್ರೆ ಸ್ಮಾಲ್. ಒಂದು ಸ್ಮಾಲಿಗೆ 32,000ವಾ? ಯಾವ ಸ್ಟಾರ್ ಹೋಟೆಲಿನಲ್ಲೂ ಇಷ್ಟು ಇಲ್ಲ. ಅದನ್ನೂ ಕಾರಿಗೆ ಕುಡಿಸೋದು.”

ಶೇಷಾದ್ರಿ ಸೋಲಲಿಲ್ಲ. ಫೋನ್ ತೆಗೆದು ಹುಡುಗ ಕಳಿಸಿದ ವಿಡಿಯೊ ಹಾಕಿದ. ಒಬ್ಬ ಬಾನೆಟ್ಟಿನ ಮೇಲೆ ಏನೋ ಸುರಿದು ಲೈಟರ್ ಹಚ್ಚುತ್ತಾನೆ, ಬೆಂಕಿ ಆರಿದ ಮೇಲೆ ಬಟ್ಟೆಯಲ್ಲಿ ಒರೆಸುತ್ತಾನೆ, ಕಲೆಯೇ ಇಲ್ಲ. ಹಿನ್ನೆಲೆಯಲ್ಲಿ ಯುದ್ಧಕ್ಕೆ ಹೊರಟಂಥ ಸಂಗೀತ.

ವನಜಾ ಮೇಡಂ ಬ್ಯಾಂಕಿನಲ್ಲಿ ಸಾಲದ ವಿಭಾಗದವರು. ಜನ ತೋರಿಸುವುದನ್ನೆಲ್ಲ ನಂಬುವ ಕೆಲಸವಲ್ಲ ಅವರದು. “ಶೇಷಾದ್ರಿಯವರೇ, ನಿಮ್ಮ ಕಾರಿಗೆ ನೀವು ವಾರಕ್ಕೆ ಎಷ್ಟು ಸಲ ಬೆಂಕಿ ಇಡಬೇಕು ಅಂತಿದ್ದೀರಿ?”

“ಅದಲ್ಲ ಮೇಡಂ, ಗಟ್ಟಿತನ ತೋರಿಸೋಕೆ. 9ಎಚ್ ಅಂತೆ. ವಜ್ರದ್ದು 10 ಅಂತೆ. ಒಂದೇ ಒಂದು ಕಮ್ಮಿ.”

ಮೇಷ್ಟ್ರು ನೊಂದುಕೊಂಡರು. ಅವರ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಮನೆಗೆ ಹೋಗಿ ಊಟ ಬಿಡುತ್ತಿದ್ದರೋ ಏನೋ. “ವಜ್ರದ 10 ಅನ್ನೋದು ಮೋಸ್ ಮಾಪನ, ಖನಿಜಕ್ಕೆ. ಈ 9ಎಚ್ ಪೆನ್ಸಿಲ್‌ದು ಕಣಯ್ಯ! ಎಚ್‌ಬಿ ಪೆನ್ಸಿಲ್ ಗೊತ್ತಲ್ಲ, ಹಾಗೇ ಮುಂದೆ ಹೋದ್ರೆ 2ಎಚ್, 4ಎಚ್, 9ಎಚ್. ಪೆನ್ಸಿಲನ್ನ 45 ಡಿಗ್ರಿ ಓರೆಯಾಗಿ ಹಿಡಿದು ಪೇಂಟಿನ ಮೇಲೆ ತಳ್ಳೋದು. ಗೀರು ಬೀಳದಿದ್ರೆ ಪಾಸು. ರಸ್ತೆ ದೂಳಲ್ಲಿ ಇರೋದು ಕ್ವಾರ್ಟ್ಜ್. ಅದು ಮೋಸ್ ಲೆಕ್ಕದಲ್ಲಿ 7, ಪೆನ್ಸಿಲ್ಲಿಗೆಲ್ಲ ಬಗ್ಗೋದಲ್ಲ.”

“ಅಂದ್ರೆ ಪೆನ್ಸಿಲ್ ಹಿಡ್ಕೊಂಡು ಬರೋ ಮಕ್ಕಳಿಂದ ಕಾರು ಉಳಿಯುತ್ತೆ” ಅಂದರು ವನಜಾ. “ಕೀ ಹಿಡ್ಕೊಂಡು ಬರೋರಿಂದ ಉಳಿಯಲ್ಲ.”

“ಆಟೋದವನ ಹ್ಯಾಂಡಲ್ಲಿಂದಲೂ ಉಳಿಯಲ್ಲ” ಅಂತ ಮಂಜ ಸೇರಿಸಿದ. “ಲಾರಿ ಟಯರಿಂದ ಸಿಡಿಯೋ ಜಲ್ಲಿಯಿಂದಲೂ ಇಲ್ಲ. ಅದಕ್ಕೆಲ್ಲ ಪಿಪಿಎಫ್ ಅಂತ ಪ್ಲಾಸ್ಟಿಕ್ ಫಿಲ್ಮ್ ಬೇರೆ ಬರುತ್ತೆ, 150 ಮೈಕ್ರಾನ್ ಮೇಲೆ ದಪ್ಪ. ಸಣ್ಣ ಗೀರಾದ್ರೆ ಬಿಸಿಲಿಗೆ ತಾನೇ ಕೂಡ್ಕೊಳ್ಳುತ್ತೆ.”

“ಅದಕ್ಕೆಷ್ಟು?”

“ಇಡೀ ಗಾಡಿಗೆ ಲಕ್ಷದ ಆಸುಪಾಸು.”

ಶೇಷಾದ್ರಿ ನೀರು ಕುಡಿದ.

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಶೆಟ್ರು ಅವಸರಪಟ್ಟು, “ನನ್ನ ಕಾರಿಗೆ ಇದೊಂದೂ ಇಲ್ಲ, ಆದ್ರೂ ನೋಡಿ ಹೇಗೆ ಹೊಳೀತದೆ” ಅಂತ ಎದುರುಗಡೆ ನಿಲ್ಲಿಸಿದ್ದ ತಮ್ಮ ಕಡುನೀಲಿ ಸೆಡಾನ್ ತೋರಿಸಿದರು. ಮಂಜ ಏನೂ ಹೇಳದೆ ಎದ್ದು ಹೋದ. ನಾವೂ ಹಿಂದೆ ಹೋದೆವು. ಅವನು ಮೊಬೈಲ್ ಟಾರ್ಚ್ ಹಾಕಿ ಬಾನೆಟ್ಟಿಗೆ ಓರೆಯಾಗಿ ಹಿಡಿದ.

ದೂರದಿಂದ ಕನ್ನಡಿಯಾಗಿದ್ದದ್ದು ಹತ್ತಿರದಲ್ಲಿ ಬೇರೆಯೇ ಕತೆ ಹೇಳಿತು. ಟಾರ್ಚಿನ ಬೆಳಕಿನ ಸುತ್ತ ಕೂದಲೆಳೆಗಿಂತ ಸಣ್ಣ ಗೀರುಗಳು ನೂರಾರು, ಜೇಡರ ಬಲೆಯ ಹಾಗೆ ಸುತ್ತು ಸುತ್ತಾಗಿ ಎದ್ದವು. ಮಂಜ ಟಾರ್ಚನ್ನು ಆ ಕಡೆ ಸರಿಸಿದರೆ ಬಲೆಯೂ ಆ ಕಡೆ ಸರಿಯಿತು. ಬಾಗಿಲ ಹಿಡಿಯ ಹಿಂದಿನ ಗುಳಿಯಲ್ಲಿ ಉಗುರಿನ ಗೀರು. ಡಿಕ್ಕಿಯ ಮೇಲೆ ಕಾಗೆಯ ಪ್ರಸಾದ ಒಣಗಿ ಪೇಂಟನ್ನೇ ತಿಂದು ಬಿಟ್ಟುಹೋದ ಮಂಕು ಗುರುತು.

ಶೆಟ್ರು ಬಹಳ ಹೊತ್ತು ನೋಡಿದರು. ಆಮೇಲೆ ಸಂಶಯದಿಂದ ಕೇಳಿದರು: “ಇದು ನೀವು ಈಗ ಟಾರ್ಚಲ್ಲಿ ಮಾಡಿದ್ದಾ?”

“ಇದು ನಿಮ್ಮ ಅಪಾರ್ಟ್‌ಮೆಂಟಿನ ಕ್ಲೀನರ್ ಹುಡುಗ ದಿನಾ ಬೆಳಿಗ್ಗೆ ಮಾಡಿದ್ದು” ಅಂದ ಮಂಜ. “ಒಂದೇ ಬಕೆಟ್ಟು, ಒಂದೇ ಬಟ್ಟೆ, ಇಡೀ ಬೇಸ್‌ಮೆಂಟಿನ ಕಾರುಗಳು. ಮೊದಲನೇ ಕಾರಿನ ದೂಳಲ್ಲಿ ಎರಡನೇ ಕಾರು ಉಜ್ಜೋದು. ಅವನನ್ನ ಬೈಬೇಡಿ. ಅವನಿಗೆ ಅಷ್ಟೇ ನೀರು ಕೊಟ್ಟಿದ್ದೀರಿ, ಅಷ್ಟೇ ದುಡ್ಡು ಕೊಡ್ತೀರಿ.”

ನೀರಿನ ಮಾತು ಬಂದ ಮೇಲೆ ವನಜಾ ಸುಮ್ಮನಿರುವುದುಂಟೆ? 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು, 2025ರ ಫೆಬ್ರುವರಿಯಲ್ಲಿ ಅದನ್ನೇ ಮತ್ತೆ ಹೊರಡಿಸಿದ್ದು ಎಲ್ಲ ನೆನಪಿಸಿದರು. “ಹಾಗಾಗಿ ಈ ಊರಲ್ಲಿ ಕಾರು ತೊಳೆಯೋರಿಲ್ಲ, ಒರೆಸೋರೇ ಎಲ್ಲ. ಇದು ಹಾಕಿಸಿದ್ರೆ ನೀರು ಕಮ್ಮಿ ಸಾಕಾಗುತ್ತಾ ಮಂಜು?”

“ಅದೊಂದು ನಿಜ ಮೇಡಂ” ಅಂದ ಮಂಜ. “ಕೊಳೆ ಸುಲಭವಾಗಿ ಬಿಡುತ್ತೆ. ನೀರು ಗುಂಡುಗುಂಡಾಗಿ ಜಾರಿಹೋಗುತ್ತೆ. ತೊಳೆಯೋ ಕೆಲಸ ಅರ್ಧಕ್ಕರ್ಧ ಹಗುರ. ಆಯುಧಪೂಜೆ ದಿನ ನನ್ನ ಕಸ್ಟಮರ್ ಒಬ್ರ ಕಾರಿಗೆ ಅರ್ಚಕರು ಗಂಧ ಹಚ್ಚಿದ್ರೆ ನಿಲ್ತಾನೇ ಇಲ್ಲ. ಹಚ್ಚಿದ್ರು, ಜಾರ್ತು. ಮತ್ತೆ ಹಚ್ಚಿದ್ರು, ಬಂಪರಿಗೇ ಇಳೀತು. ಕೊನೆಗೆ ‘ದೇವರಿಗೂ ಜಾಗ ಕೊಡಲ್ವಲ್ಲ ನಿಮ್ಮ ಗಾಡಿ’ ಅಂತ ಬೈದು ಚಕ್ರಕ್ಕೆ ಹಚ್ಚಿ ಹೋದ್ರು.”

ಶೇಷಾದ್ರಿಯ ಮುಖ ಅರಳಿತು. ಮೇಷ್ಟ್ರು ತಕ್ಷಣ ಬಾಡಿಸಿದರು. “ಗುಂಡಾಗಿ ನಿಂತ ನೀರು ಅಲ್ಲೇ ಒಣಗಿದ್ರೆ? ನಿಮ್ಮನೇದು ಬೋರ್ ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅದೇ ಜಾಗದಲ್ಲಿ ಬಿಳಿ ಉಂಗುರವಾಗಿ ಕೂತ್ಕೊಳ್ಳುತ್ತೆ. ಕಪ್ಪು ಕಾರಿನ ಮೇಲೆ! ತೊಳೆದ ಕೂಡಲೇ ಒಣ ಬಟ್ಟೇಲಿ ಒತ್ತಿ ತೆಗೀಬೇಕು.”

“ಉಪ್ಪುಗಾಳಿಗಾದ್ರೂ ಆಗ್ತದಾ?” ಅಂತ ಶೆಟ್ರು ಕೇಳಿದರು. ತಮ್ಮ ಕಾರಿನ ದುಃಖದಿಂದ ಇನ್ನೂ ಹೊರಬಂದಿರಲಿಲ್ಲ. ಮಂಜ ತಲೆ ಅಲ್ಲಾಡಿಸಿದ. ಕಡಲೂರಿನ ಕಾರುಗಳಿಗೆ ತುಕ್ಕು ಹಿಡಿಯುವುದು ಅಡಿಯಿಂದ, ಬಾಗಿಲ ಕೆಳಗಿನ ಅಂಚಿಂದ. ಕೋಟಿಂಗ್ ಹಚ್ಚುವುದು ಮೇಲೆ.

ಅಷ್ಟಾದ ಮೇಲೆ ಮಂಜ ಹೇಳಿದ ಮಾತು ಮಾತ್ರ ನನಗೆ ಇಡೀ ಬೆಳಗಿನ ಸಾರ ಅನ್ನಿಸಿತು. 32,000 ಹೋಗುವುದು ಆ ಸ್ಮಾಲಿಗೆ ಅಲ್ಲ, ಅದಕ್ಕೆ ಮುಂಚಿನ ಕೆಲಸಕ್ಕೆ. ಗಾಡಿ ತೊಳೆದು, ಕಬ್ಬಿಣದ ಕಣ ಕರಗಿಸುವ ಸ್ಪ್ರೇ ಹೊಡೆಯಬೇಕು. ಬ್ರೇಕಿನ ಪುಡಿ ಅಂಟಿದ ಕಡೆಯಿಂದ ನೇರಳೆ ಬಣ್ಣ ಇಳಿಯುತ್ತದೆ. ಆಮೇಲೆ ಕ್ಲೇ, ಅಂದರೆ ಅಂಟಿದ ಕೊಳೆ ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ, ಉಜ್ಜಬೇಕು, ಕೈಗೆ ತರಿತರಿ ಸಿಗುವುದು ನಿಂತಾಗ ಬಿಡಬೇಕು. ಆಮೇಲೆ ಮೆಷಿನ್ ಪಾಲಿಶ್: ಗೀರು ಹೋಗುವಷ್ಟು ಕ್ಲಿಯರ್ ಕೋಟನ್ನೇ ಸವೆಸುವುದು. ಇರುವುದೇ 40–50 ಮೈಕ್ರಾನ್ ಪದರ, ಕೈ ತಪ್ಪಿದರೆ ಅಂಚಿನಲ್ಲಿ ಬಣ್ಣವೇ ಹೊರಗೆ. ಆಮೇಲೆ ಆಲ್ಕೋಹಾಲಲ್ಲಿ ಒರೆಸಿ ಎಣ್ಣೆಯ ಪಸೆ ತೆಗೆದು, ಆಮೇಲೆ ಬಾಟಲಿ. ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ, ಕಾಮನಬಿಲ್ಲು ಮೂಡಿದ ಕೂಡಲೇ ಒರೆಸಬೇಕು. ಮರೆತರೆ ಅಲ್ಲೇ ಗಟ್ಟಿಯಾಗಿ ಕಲೆ ನಿಲ್ಲುತ್ತದೆ. ಒಂದು ದಿನ ನೀರು ತಾಗಬಾರದು, ಒಂದು ವಾರ ತೊಳೆಯಬಾರದು.

“ಚೆನ್ನಾಗಿ ಪಾಲಿಶ್ ಮಾಡದೆ ಮೇಲೆ ಹಚ್ಚಿಬಿಟ್ರೆ ಗೀರಿಗೇ ಐದು ವರ್ಷ ವಾರಂಟಿ ಕೊಟ್ಟ ಹಾಗೆ” ಅಂದ. “ಕೆಲವು ಕಡೆ ಡೆಲಿವರಿ ದಿನ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನಕ್ಕೆ ಮುಗಿಸ್ತಾರೆ. ಅಂಥವರ ಹತ್ರ ಹೋಗ್ಬೇಡ. ಹಾಕಿಸೋದೇ ಆದ್ರೆ ಪಾಲಿಶ್ ಕೆಲಸ ಕಣ್ಣೆದುರು ತೋರಿಸೋ, ಪೇಂಟಿನ ದಪ್ಪ ಅಳೆಯೋ ಮೀಟರ್ ಇಟ್ಕೊಂಡಿರೋ ಜಾಗಕ್ಕೆ ಹೋಗು.”

ವಾರಂಟಿ ಅಂದದ್ದೇ ತಡ, ವನಜಾ ಕೊಟೇಶನ್ನಿನ ಹಿಂಬದಿ ತಿರುಗಿಸಿ ಕನ್ನಡಕ ಏರಿಸಿದರು. ಹಕ್ಕಿ ಹಿಕ್ಕೆ, ಗಡಸು ನೀರಿನ ಕಲೆ, ಮರದ ಅಂಟು, ಕಲ್ಲೇಟು, ಅಪಘಾತ, ಬ್ರಷ್ ಇರೋ ಆಟೊಮ್ಯಾಟಿಕ್ ವಾಷ್, ಇವ್ಯಾವುದಕ್ಕೂ ಅನ್ವಯಿಸುವುದಿಲ್ಲ. ಪ್ರತಿ ವರ್ಷ ಅವರಲ್ಲೇ ಮೇಂಟೆನೆನ್ಸ್, ಅದರ ದುಡ್ಡು ಬೇರೆ. ಒಂದು ವರ್ಷ ತಪ್ಪಿದರೆ ವಾರಂಟಿ ರದ್ದು.

“ಎಷ್ಟು ಚೆನ್ನಾಗಿ ಬರೆದಿದ್ದಾರೆ!” ಅಂದರು ಮೆಚ್ಚುಗೆಯಿಂದಲೇ. “ನಮ್ಮ ಬ್ಯಾಂಕಿನ ಫಾರ್ಮಿಗೂ ಇವರ ಕೈಲೇ ಬರೆಸಬೇಕು.”

“ಹಾಗಾದ್ರೆ ಇದನ್ನ ಯಾರು ಹಾಕಿಸಬೇಕು ಅಂತೀರಿ?” ಶೇಷಾದ್ರಿ ರೇಗಿದ.

ನ್ಯಾಯವಾದ ಪ್ರಶ್ನೆ. ಕೋಟಿಂಗಿನಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಎರಡು ಬಕೆಟ್ಟು, ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡು ತಮ್ಮ ಕಾರನ್ನು ತಾವೇ ತೊಳೆಯುವ ಜನ ಇದ್ದಾರೆ. ಅವರ ಕಾರು ನೆರಳಲ್ಲಿ ನಿಂತಿರುತ್ತದೆ, ಏಳೆಂಟು ವರ್ಷ ಮಾರುವ ಯೋಚನೆ ಇರುವುದಿಲ್ಲ. ಅಂಥವರಿಗೆ ಇದು ಪ್ರತಿ ವಾರವೂ ಲಾಭ. ಮಾರುವಾಗ ಬೆಲೆ ಹೆಚ್ಚು ಬರುತ್ತದೆ ಅಂತ ಹಾಕಿಸುವವರ ಲೆಕ್ಕ ನನಗೆ ತಿಳಿಯದು. ಹಳೇ ಕಾರು ಕೊಳ್ಳುವವನು ಕಿಲೋಮೀಟರ್ ನೋಡುತ್ತಾನೆ, ಟಯರ್ ಒದೆಯುತ್ತಾನೆ, ಬೆಲೆ ಇಳಿಸುತ್ತಾನೆ.

“ನಿಮ್ಮ ಕಾರು ಎಲ್ಲಿ ನಿಲ್ಲುತ್ತೆ?” ಅಂತ ವನಜಾ ಕೇಳಿದರು.

“ಮನೆ ಮುಂದೆ. ಹೊಂಗೆ ಮರದ ಕೆಳಗೆ.”

“ಮರದ ಮೇಲೆ?”

“ಕಾಗೆ. ಪಾರಿವಾಳ. ಹೂ ಬಿಡೋ ಕಾಲಕ್ಕೆ ಇಡೀ ಕಾರಿನ ತುಂಬ ಹೂವು.”

“ಯಾರು ಒರೆಸ್ತಾರೆ?”

“ಶೆಟ್ರ ಅಪಾರ್ಟ್‌ಮೆಂಟ್ ಹುಡುಗನಿಗೇ ಹೇಳಿದ್ದೀನಿ.”

ಯಾರೂ ಏನೂ ಹೇಳಬೇಕಾಗಲಿಲ್ಲ. ಶೇಷಾದ್ರಿಯೇ ಪೆನ್ನು ಕೇಳಿ ಆ ಸಾಲು ಹೊಡೆದು ಹಾಕಿದ. ಸಮಾಧಾನಕ್ಕೆ ಮಂಜ, ಅದೇ ಸಿಲಿಕಾ ಬೆರೆತ ಸ್ಪ್ರೇ ಬಾಟಲಿ ಸಾವಿರದೊಳಗೆ ಸಿಗುತ್ತದೆ, ಕೆಲವು ತಿಂಗಳಿಗೊಮ್ಮೆ ಹೊಡೆದು ಒರೆಸಿಕೊ, ಹುಡುಗನಿಗೆ ಎರಡು ಒಳ್ಳೇ ಬಟ್ಟೆ ಕೊಡಿಸು ಅಂದ. ತೀರ್ಮಾನ ಬಿಸಿಯಿರುವಾಗಲೇ ಷೋರೂಮಿಗೆ ಫೋನ್ ಮಾಡಿಸಿದೆವು, ಸ್ಪೀಕರಲ್ಲಿ.

ಹುಡುಗ ಎದೆಗುಂದಲಿಲ್ಲ. “ಪರವಾಗಿಲ್ಲ ಸರ್. ಸೆರಾಮಿಕ್ ಬೇಡ ಅಂದ್ರೆ ಟೆಫ್ಲಾನ್ ಮಾಡಿಸಿಬಿಡೋಣ, 6,000ಕ್ಕೆ ಆಗುತ್ತೆ.”

ಟೆಫ್ಲಾನ್ ಅಂದದ್ದೇ ಮೇಷ್ಟ್ರು ಫೋನ್ ಕಿತ್ತುಕೊಂಡರು. “ಏನಪ್ಪಾ, ದೋಸೆ ತವಾ ಮೇಲೆ ಟೆಫ್ಲಾನ್ ನಿಲ್ಲಬೇಕಾದ್ರೆ ಮುನ್ನೂರು ಡಿಗ್ರಿ ಮೇಲೆ ಕಾಯಿಸಿ ಕೂರಿಸ್ತಾರೆ. ನೀನು ಕಾರನ್ನ ಯಾವ ಒಲೆ ಮೇಲೆ ಇಡ್ತೀಯ? ಪಾಲಿಟೆಟ್ರಾಫ್ಲೂರೋಇಥಿಲೀನ್ ಅನ್ನೋದು ಯಾವುದಕ್ಕೂ ಅಂಟದ ವಸ್ತು. ಅಂಟದೇ ಇರೋದೇ ಅದರ ಗುಣ. ಅದನ್ನ ಬಟ್ಟೇಲಿ ಸವರಿ ಅಂಟಿಸ್ತೀನಿ ಅಂತೀಯಲ್ಲ...” ಹೀಗೆ ಶುರುವಾದ ಪಾಠ ಇಂಗಾಲ, ಫ್ಲೋರಿನ್‌ಗಳ ಬಂಧದವರೆಗೆ ಹೋಯಿತು. ಆ ಕಡೆಯಿಂದ ಹುಡುಗ “ಹೌದು ಸರ್, ಹೌದು ಸರ್” ಅಂತ ಇಡೀ ಪಾಠ ಕೇಳಿಸಿಕೊಂಡ. ನಲವತ್ತು ವರ್ಷ ಹಳೆಯ ಸ್ಕೂಟರಿನಲ್ಲಿ ಓಡಾಡುವ ಮೇಷ್ಟ್ರು ಉಸಿರು ತೆಗೆದುಕೊಳ್ಳಲು ನಿಂತಾಗ, ಅವನು ಬಹಳ ವಿನಯದಿಂದ ಕೇಳಿದ:

“ತುಂಬಾ ಒಳ್ಳೇ ಮಾಹಿತಿ ಸರ್. ತಾವು ಯಾವ ಗಾಡಿ ನೋಡ್ತಿದ್ದೀರಿ? ನಮ್ಮಲ್ಲಿ ಎಕ್ಸ್‌ಚೇಂಜ್ ಆಫರ್ ನಡೀತಿದೆ.”