ಉಗ್ಗುವವರ ಮಿದುಳು ತಮ್ಮದೇ ದನಿಯನ್ನು ಹೇಗೆ ಕೇಳಿಸಿಕೊಳ್ಳುತ್ತದೆ?

ಪ್ರಶ್ನೆ, ಹುಬ್ಬಳ್ಳಿಯಿಂದ:
ನನ್ನ ತಮ್ಮನಿಗೆ ಈಗ 26 ವರ್ಷ, ಚಿಕ್ಕಂದಿನಿಂದಲೂ ಉಗ್ಗುತ್ತಾನೆ. ಅಣ್ಣಿಗೇರಿಗೆ ಹೋಗಬೇಕಾದಾಗ ಕಂಡಕ್ಟರರ ಮುಂದೆ ಮೊದಲಿನ ‘ಅ’ಕಾರವೇ ಹೊರಡದೆ, ಗದಗಿನ ಟಿಕೆಟ್ ತೆಗೆಸಿ ನಡುವೆಯೇ ಇಳಿಯುತ್ತಾನೆ. ಅದೇ ಹುಡುಗ ಸೋಮವಾರ ಮಠದ ಭಜನೆಯಲ್ಲಿ ಹತ್ತು ಜನರೊಡನೆ ದನಿ ಕೂಡಿಸಿದರೆ ಒಂದಕ್ಷರವೂ ತಡೆಯುವುದಿಲ್ಲ. ಕಿವಿಯ ಪರೀಕ್ಷೆ ಮಾಡಿಸಿದೆವು, ದೋಷವಿಲ್ಲ. ಹಾಗಾದರೆ ಉಗ್ಗುವವರ ಮಿದುಳು ಮಾತಿನ ಧ್ವನಿಗಳನ್ನು ಬೇರೆ ರೀತಿಯಲ್ಲಿ ಗ್ರಹಿಸುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ, ಧಾರವಾಡದಿಂದ:
ತಾವು ಬರೆದ ಭಜನೆಯ ಸಂಗತಿಯಲ್ಲೇ ಉತ್ತರದ ಎಳೆ ಇದೆ. ನಾವು ಬಾಯಿ ತೆರೆಯುವ ಮೊದಲೇ, ನಾಲಿಗೆ ತುಟಿಗಳನ್ನು ನಡೆಸುವ ಮಿದುಳಿನ ಭಾಗವು ‘ಇಂಥ ಧ್ವನಿ ಬರಲಿದೆ’ ಎಂದು ಶ್ರವಣ ಭಾಗಕ್ಕೆ ಮುನ್ಸೂಚನೆ ಕಳುಹಿಸುತ್ತದೆ. ಆದ್ದರಿಂದಲೇ ಆ ಭಾಗವು ಪರರ ದನಿಗೆ ಮಿಡಿಯುವಷ್ಟು ಸ್ವಂತ ದನಿಗೆ ಮಿಡಿಯುವುದಿಲ್ಲ. ಉಗ್ಗುವ ವಯಸ್ಕರಲ್ಲಿ ಮಾತಿಗೆ ಮುಂಚಿನ ಈ ಸಿದ್ಧತೆ ದುರ್ಬಲವಾಗಿರುವುದು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದ ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂದರೆ ತೊಡಕು ಇರುವುದು ಕಿವಿಯಲ್ಲಲ್ಲ, ಆಡುವುದು ಮತ್ತು ಆಲಿಸುವುದು ಒಂದನ್ನೊಂದು ಸಂಧಿಸುವ ಹೊತ್ತಿನಲ್ಲಿ. 1996ರಲ್ಲಿ ಪ್ರಕಟವಾದ ಒಂದು ಪೆಟ್ ಸ್ಕ್ಯಾನ್ (ಮಿದುಳಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಚಿತ್ರಣ) ಅಧ್ಯಯನದಲ್ಲಿ, ಉಗ್ಗುವವರು ಒಬ್ಬರೇ ಓದುವಾಗ ಎಡಬದಿಯ ಶ್ರವಣ ಭಾಗ ಮಂಕಾಗಿತ್ತು, ಚಲನೆಯ ಭಾಗಗಳು, ಅದರಲ್ಲೂ ಬಲಬದಿಯವು, ಅತಿಯಾಗಿ ದುಡಿಯುತ್ತಿದ್ದವು; ಇನ್ನೊಂದು ದನಿಯೊಡನೆ ಕೂಡಿ ಓದಿದಾಗ ಎರಡೂ ಬಹುಮಟ್ಟಿಗೆ ಸರಿಹೋದವು.

ಉತ್ತರ, ಗದಗಿನಿಂದ:
ಇದನ್ನು ಒಪ್ಪುತ್ತೇನೆ, ಆದರೆ ಇಷ್ಟರಿಂದಲೇ ಕಾರಣ ಸಿಕ್ಕಿತೆನ್ನಲಾಗದು. ಇಪ್ಪತ್ತು ವರ್ಷ ಉಗ್ಗಿದ ಮಿದುಳು ಆ ಉಗ್ಗಿಗೇ ಪಳಗಿರುತ್ತದೆಯಾದ್ದರಿಂದ, ಬಲಬದಿಯ ಆ ದುಡಿಮೆ ರೋಗವೋ ಮದ್ದೋ ಎಂಬುದನ್ನು ವಯಸ್ಕರನ್ನಷ್ಟೇ ನೋಡಿ ಬಿಡಿಸುವುದು ಕಷ್ಟ. ನಾನೂ ಉಗ್ಗುವವನೇ. ಫೋನಿನಲ್ಲಿ ತನ್ನ ದನಿಯೇ ತುಸು ತಡವಾಗಿ ಮರಳಿ ಕೇಳಿಸಿದರೆ ನನ್ನ ಹೆಂಡತಿ ತಡವರಿಸುತ್ತಾಳೆ. ನನಗೋ, ಆಗಲೇ ಮಾತು ಸಲೀಸು! ಸರಾಗ ಮಾತಿನವರನ್ನೂ ಹೀಗೆ ಮುಗ್ಗರಿಸುವಂತೆ ಮಾಡಬಹುದೆಂದು ಸಂಶೋಧಕ ಬರ್ನಾರ್ಡ್ ಲೀ 1950ರಲ್ಲೇ ತೋರಿಸಿದ್ದರು. ಈ ತತ್ವದ ಮೇಲೆ ಕೆಲಸ ಮಾಡುವ ಉಪಕರಣಗಳಿವೆ, ಎಲ್ಲರಿಗೂ ಒಗ್ಗುವುದಿಲ್ಲ. ವಾಕ್ ಚಿಕಿತ್ಸಕರನ್ನು ಕೇಳಿಯೇ ಕೊಳ್ಳಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಮ್ಮನಿಗೆ ಓದಿ ಹೇಳಿದೆ. “ಹಂಗಾದ್ರ ಕಂಡಕ್ಟರೂ ನನ್ನ ಜೋಡಿ ಅಣ್ಣಿಗೇರಿ ಅನ್ನಬೇಕಾತ ನೋಡಕ್ಕಾ” ಎಂದು ನಕ್ಕ. ‘ಅಣ್ಣಿಗೇರಿ’ಯ ಹತ್ತಿರ ಮಾತ್ರ ಎರಡು ಸಲ ತಡೆದ.